ದುಡಿಸಿಕೊಂಡ ದೇಶಕ್ಕೂ ಋಣವಿದೆ

ಹೊರಗಿನವರನ್ನು ಕೆಲಸಕ್ಕೆ ಕರೆಸಿಕೊಂಡ ದೇಶವೊಂದು ಅವರನ್ನು ಎಷ್ಟು ವರ್ಷ ತಾತ್ಕಾಲಿಕವಾಗಿಯೇ ಇಟ್ಟುಕೊಳ್ಳಬಹುದು? ಗಡಿಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂಬುದು ಆಯಾ ದೇಶದ ಹಕ್ಕು, ಅದರಲ್ಲಿ ತಕರಾರಿಲ್ಲ. ಆದರೆ ಬಿಟ್ಟುಕೊಂಡು, ವರ್ಷಗಟ್ಟಲೆ ದುಡಿಸಿಕೊಂಡು, ತೆರಿಗೆ ಪಡೆದು, ಆಮೇಲೂ ‘ಇರಿ’ ಎಂದಾಗಲಿ ‘ಹೊರಡಿ’ ಎಂದಾಗಲಿ ಹೇಳದೆ ಕಾಯಿಸುವುದು ಆ ಹಕ್ಕಿನೊಳಗೆ ಬರುತ್ತದೆಯೇ? ಬರುವುದಿಲ್ಲ ಎಂಬುದು ನನ್ನ ವಾದ.

ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಿಗೆ ಪರಿಚಿತವಾದ ಅಮೆರಿಕದ ಎಚ್-1ಬಿ ವೀಸಾವನ್ನೇ ನೋಡಿ. ಮೊದಲು ಮೂರು ವರ್ಷ, ವಿಸ್ತರಿಸಿದರೆ ಆರು. ಅಷ್ಟರಲ್ಲಿ ಶಾಶ್ವತ ವಾಸದ ಗ್ರೀನ್ ಕಾರ್ಡಿನ ಪ್ರಕ್ರಿಯೆಯನ್ನು ಸಾಮಾನ್ಯವಾಗಿ ಕಂಪನಿಯೇ ಶುರು ಮಾಡಬೇಕು. ಆ ಹುದ್ದೆಗೆ ಅರ್ಹ ಅಮೆರಿಕನ್ನರು ಸಿಗಲಿಲ್ಲವೆಂದು ಕಾರ್ಮಿಕ ಇಲಾಖೆಗೆ ತೋರಿಸಬೇಕು, ಬಳಿಕ ವಲಸೆ ಇಲಾಖೆಗೆ ಕಂಪನಿಯ ಐ-140 ಅರ್ಜಿ, ಆಮೇಲೆ ಸರದಿ. ಉದ್ಯೋಗದ ಆಧಾರದ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000. ಗಂಡ, ಹೆಂಡತಿ, ಮಕ್ಕಳೂ ಅದರಲ್ಲೇ ಲೆಕ್ಕ. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಸಾಮಾನ್ಯವಾಗಿ ಶೇ. 7ರ ಮಿತಿ. ಭಾರತಕ್ಕೂ ಐಸ್‌ಲ್ಯಾಂಡಿಗೂ ಅದೇ ಅಳತೆ. ಹೀಗಾಗಿ ಉನ್ನತ ಪದವೀಧರರ ಇಬಿ-2 ವರ್ಗದಲ್ಲಿ 2024ರ ಕೊನೆಗೂ ಭಾರತೀಯರ ಸರದಿ 2012ರ ಅರ್ಜಿಗಳನ್ನು ದಾಟಿರಲಿಲ್ಲ. ಅರ್ಹತೆಯನ್ನು ಒಪ್ಪಿದ್ದಾಗಿದೆ, ಅನುಭವ ಬೆಳೆದಿದೆ. ತಡೆಯುತ್ತಿರುವುದು ಹುಟ್ಟಿದ ಊರು ಮಾತ್ರ.

ಕಾಯುವ ಈ ಕಾಲ ಬರಿಯ ಕಾಲವಲ್ಲ. ಕೆಲಸ ಹೋದರೆ ಹೊಸದನ್ನು ಹುಡುಕಲು ಹೆಚ್ಚೆಂದರೆ 60 ದಿನ. ಕಂಪನಿ ಬದಲಿಸಿದರೆ ಸರದಿಯಲ್ಲಿನ ಸ್ಥಾನ ಗೊತ್ತುಮಾಡುವ ದಿನಾಂಕ (ಪ್ರಯಾರಿಟಿ ಡೇಟ್) ಉಳಿದರೂ ಕಾಗದಪತ್ರದ ಕೆಲಸ ಬಹುಮಟ್ಟಿಗೆ ಮೊದಲಿನಿಂದ. ಎರಡು ವರ್ಷದ ಮಗುವಾಗಿ ಹೋದವಳು ಅಲ್ಲೇ ಓದಿ ಬೆಳೆದರೂ 21 ತುಂಬಿ, ವಯಸ್ಸಿನಿಂದ ಕಾನೂನು ಕಳೆದುಕೊಡುವ ಅಲ್ಪ ಅವಧಿಯೂ ಸಾಲದಿದ್ದರೆ, ಅಪ್ಪ-ಅಮ್ಮನ ಅರ್ಜಿಯಿಂದ ಹೊರಬೀಳುತ್ತಾಳೆ. ಸಂಬಳದಲ್ಲಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ ತಪ್ಪದೆ ಕಡಿತವಾಗುತ್ತದೆ. ಹತ್ತು ವರ್ಷದಷ್ಟು ಜಮೆಯಾಗದೆ ಮರಳಿದವರಿಗೆ ಅದರ ನಿವೃತ್ತಿ ಪಿಂಚಣಿ ಇಲ್ಲ.

‘ತಾತ್ಕಾಲಿಕವೆಂದು ತಿಳಿದೇ ಹೋದರಲ್ಲವೇ?’ ಎನ್ನುವವರಿದ್ದಾರೆ. ಆದರೆ ಎಚ್-1ಬಿಯಲ್ಲಿ ಇರುವವರು ಶಾಶ್ವತ ನೆಲೆಯನ್ನೂ ಬಯಸಬಹುದೆಂದು 1990ರ ಕಾನೂನೇ ಒಪ್ಪಿದೆ. ಸರದಿ ಉದ್ದವಾದಾಗ ಆರು ವರ್ಷದ ಮಿತಿ ಮೀರಿಯೂ ವಿಸ್ತರಣೆ ಕೊಡಲು 2000ದ ಕಾನೂನು ದಾರಿ ಮಾಡಿತು. ಅಂದರೆ ಆಸೆ ಹುಟ್ಟಿಸಿದ್ದೂ ಅದನ್ನು ಲಂಬಿಸಿದ್ದೂ ಆ ದೇಶದ ಕಾನೂನೇ.

ಸ್ಥಳೀಯರ ಕೆಲಸ, ಕೂಲಿಗೆ ಪೆಟ್ಟು ಬೀಳುತ್ತದೆಂಬ ಆಕ್ಷೇಪ ಇದಕ್ಕಿಂತ ತೂಕದ್ದು. ಆ ಆತಂಕವಿದ್ದರೆ ಬಾಗಿಲಲ್ಲೇ ಸಂಖ್ಯೆ ಕಡಿಮೆ ಮಾಡಲಿ. ಒಳಗಿರುವವರನ್ನು ಅತಂತ್ರವಾಗಿಡುವುದರಿಂದ ಸ್ಥಳೀಯರಿಗೇನೂ ಲಾಭವಿಲ್ಲ. ಕೆಲಸ ಬಿಡಲು ಅಂಜುವ ನೌಕರ ಧಣಿಗೆ ಅಗ್ಗ. ಅವನ ಪಕ್ಕದ ಸ್ಥಳೀಯನ ಸಂಬಳವನ್ನೂ ಆ ಅಂಜಿಕೆ ಕೆಳಗೆಳೆಯುತ್ತದೆ. ನೆಲೆ ಗಟ್ಟಿಯಾದವನು ಮಾತ್ರ ಚೌಕಾಸಿ ಮಾಡಬಲ್ಲ.

ಜರ್ಮನಿ ಈ ಪಾಠವನ್ನು ನಿಧಾನವಾಗಿ ಕಲಿಯಿತು. 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಾಗ ಕಾರ್ಮಿಕರು ಎರಡು ವರ್ಷದಲ್ಲಿ ಮರಳಬೇಕೆಂಬ ನಿಯಮವಿತ್ತು. ಕೆಲಸ ಕಲಿತವರನ್ನು ಕಳಿಸಿ ಹೊಸಬರನ್ನು ತಿದ್ದುವುದು ಕಾರ್ಖಾನೆಗಳಿಗೆ ಬೇಡವಾಯಿತು. 1964ರಲ್ಲಿ ನಿಯಮ ಬಿದ್ದುಹೋಯಿತು. 1973ರಲ್ಲಿ ನೇಮಕಾತಿ ನಿಂತರೂ ಲಕ್ಷಾಂತರ ಜನ ಅಲ್ಲೇ ಉಳಿದು ಸಂಸಾರ ಕರೆಸಿಕೊಂಡರು. ಇಂದು ಅದೇ ದೇಶದಲ್ಲಿ ಉನ್ನತ ಕೌಶಲದ ವಿದೇಶಿಯರಿಗೆ ಕೊಡುವ ಬ್ಲೂ ಕಾರ್ಡ್ ಹೊಂದಿದವರು ಪಿಂಚಣಿ ವಂತಿಗೆ ಕಟ್ಟುತ್ತಾ 27 ತಿಂಗಳು ದುಡಿದರೆ, ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ತಲುಪಿದ್ದರೆ 21 ತಿಂಗಳಿಗೇ, ಶಾಶ್ವತ ವಾಸಕ್ಕೆ ಅರ್ಹರು. ಹುಟ್ಟಿದ ದೇಶದ ಮಿತಿ ಅಲ್ಲಿಲ್ಲ.

ಕೆನಡಾ 2008ರಿಂದ ಅಲ್ಲಿನ ಕುಶಲ ಕೆಲಸವನ್ನೇ ಅರ್ಹತೆಯಾಗಿ ಎಣಿಸುತ್ತಿದೆ, ಈಗ ಒಂದು ವರ್ಷದ ಕೆಲಸ ಸಾಕು. ಆದರೆ ಅರ್ಹರಾದವರೆಲ್ಲ ಆಯ್ಕೆಯಾಗುವುದಿಲ್ಲ. ಅಂಕದ ಗಡಿ ಮೇಲೆ ಕೆಳಗೆ ಹೋಗುತ್ತಿರುತ್ತದೆ, ಮೂವತ್ತು ದಾಟಿದವರಿಗೆ ವಯಸ್ಸಿನ ಅಂಕ ಇಳಿಯುತ್ತ ಹೋಗುತ್ತದೆ. ಇನ್ನು ಮಂಗಳೂರು, ಭಟ್ಕಳದವರು ತಲೆಮಾರುಗಳಿಂದ ದುಡಿದ ಕೊಲ್ಲಿ ದೇಶಗಳು ಸಾಮಾನ್ಯ ಕೆಲಸಗಾರರಿಗೆ ನೆಲೆಯ ಆಸೆಯನ್ನೇ ತೋರಿಸುವುದಿಲ್ಲ. ಅದು ಸ್ಪಷ್ಟ, ನಿಜ. ಆದರೆ ಮೂವತ್ತು ವರ್ಷ ದುಡಿದವರನ್ನು ನೆಲೆಯ ಹಕ್ಕಿಲ್ಲದೆ ಕಳಿಸುವ ಸ್ಪಷ್ಟತೆಯನ್ನು ನ್ಯಾಯವೆನ್ನಲಾಗದು.

ನ್ಯಾಯವಾದ ನಿಯಮಕ್ಕೆ ಮೂರು ಲಕ್ಷಣ ಬೇಕು. ತಾತ್ಕಾಲಿಕ ಅವಧಿಗೆ ಕಾನೂನಿನಲ್ಲೇ ಕೊನೆಯಿರಬೇಕು. ಲೆಕ್ಕ ದುಡಿದ ವರ್ಷದ್ದಾಗಬೇಕು, ಹುಟ್ಟಿದ ದೇಶದ್ದಲ್ಲ. ಅರ್ಜಿ ಹಾಕುವ ಹಕ್ಕು ಕಂಪನಿಯ ಕೈಯಲ್ಲಿರದೆ ದುಡಿದವರ ಹೆಸರಿನಲ್ಲಿರಬೇಕು. ಇಂಥ ನಿಯಮವನ್ನು ಪರದೇಶಗಳಿಂದ ಬರೆಸುವುದು ನಮ್ಮ ಕೈಲಿಲ್ಲ. ಆದರೆ ಹೊರಡಲು ಸಿದ್ಧರಾದ ಯುವಕ ಯುವತಿಯರು ಆಫರ್ ಲೆಟರಿನಲ್ಲಿ ಸಂಬಳವೆಷ್ಟು ಎಂದು ನೋಡುವ ಮೊದಲು, ಅಲ್ಲಿ ನೆಲೆಸುವ ಹಕ್ಕು ಎಷ್ಟು ವರ್ಷಕ್ಕೆ, ಯಾರ ಹೆಸರಿನಲ್ಲಿ ಸಿಗುತ್ತದೆ ಎಂದು ವಿಚಾರಿಸಿಕೊಳ್ಳಲಿ.