ರಿಪೇರಿಗೆ ಬಂದವ° ಸ್ಟೌ ಮಡುಗಿಕ್ಕಿ ಹೋಪದು ಬೇಡ

ಕಂಪ್ಯೂಟರಿಲಿ, ಮೊಬೈಲಿಲಿ "ಅಪ್‌ಡೇಟ್ ಮಾಡಿ" ಹೇಳಿ ಬತ್ತನ್ನೆ, ಅದು ಹೇಳಿರೆ ಒಂದು ನಮುನೆ ರಿಪೇರಿ. ಇಪ್ಪ ಸಾಮಾನಿಲಿ ಒಟ್ಟೆ ಕಂಡಿದು, ಕಳ್ಳಂಗೆ ಹೊಗ್ಗುಲೆ ದಾರಿ ಇದ್ದು, ಅದರ ಮುಚ್ಚುತ್ತೆಯೊ° ಹೇಳಿ ಅರ್ಥ. ಹಾಂಗಾಗಿ ಅಪ್‌ಡೇಟ್ ಮಾಡೆಕ್ಕಾದ್ದೇ. ಆದರೆ ಈ ರಿಪೇರಿಯ ಹೆಸರಿಲಿ ನಾವು ಕೇಳದ್ದ ಬ್ರೌಸರಿನ ಒಳ ತಂದು ಮಡುಗುತ್ತವು. ಅದು ಸರಿಯೇ ಅಲ್ಲ ಹೇಳಿ ಎನ್ನ ಅಭಿಪ್ರಾಯ.

ಬ್ರೌಸರ್ ಹೇಳಿರೆ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಇತ್ಯಾದಿ. ಇಂಟರ್ನೆಟ್ಟು ನೋಡುವ ಕಿಟಿಕಿ. ಕರೆಂಟು ಬಿಲ್ಲು ಕಟ್ಟುದು, ಬೇಂಕಿನ ಲೆಕ್ಕ ನೋಡುದು ಎಲ್ಲ ಈ ಕಿಟಿಕಿಲಿಯೇ.

ಮಿಕ್ಸಿ ರಿಪೇರಿಗೆ ಬಂದವ° ಮಿಕ್ಸಿ ಸರಿಮಾಡಿಕ್ಕಿ, ಅಡಿಗೆಕೋಣೆಲಿ ಹೊಸ ಸ್ಟೌ ಒಂದರ ಮಡುಗಿಕ್ಕಿ ಹೋದರೆ ನಿಂಗೊ ಎಂತ ಹೇಳ್ತಿ? "ಪೈಸೆ ಬೇಡಕ್ಕ, ಧರ್ಮಕ್ಕೆ ಕೊಟ್ಟದು" ಹೇಳಿರೂ ಕೋಪ ಬಾರದೊ? "ಬೇಡ ಹೇಳಿ ನಿಂಗೊ ಹೇಳಿದ್ದಿಲ್ಲೆನ್ನೆ" ಹೇಳಿರೆ ಮತ್ತೂ ಕೋಪ ಬಕ್ಕು.

2008ರ ಮಾರ್ಚಿಲಿ ಆಪಲ್ ಕಂಪೆನಿ ಮಾಡಿದ್ದು ಹೀಂಗೇ. ವಿಂಡೋಸ್ ಕಂಪ್ಯೂಟರಿಲಿ ಪದ್ಯ ಕೇಳ್ಲೆ ಐಟ್ಯೂನ್ಸ್, ವಿಡಿಯೊ ನೋಡ್ಲೆ ಕ್ವಿಕ್‌ಟೈಮ್ ಹಾಕಿಗೊಂಡವಕ್ಕೆ ಅಪ್‌ಡೇಟಿನ ಪಟ್ಟಿಲಿ ಸಫಾರಿ 3.1 ಬ್ರೌಸರೂ ಕಂಡತ್ತು. ಅವರ ಕಂಪ್ಯೂಟರಿಲಿ ಸಫಾರಿ ಇಲ್ಲದ್ದರೂ ಅದರ ಎದುರು ಟಿಕ್ ಮದಲೇ ಹಾಕಿ ಆಯಿದು. ಓದದ್ದೆ ಇನ್‌ಸ್ಟಾಲ್ ಒತ್ತಿದವಕ್ಕೆಲ್ಲ ಹೊಸ ಬ್ರೌಸರ್ ಬಂತು. ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದ ಮುಖ್ಯಸ್ಥ ಆಗಿದ್ದ ಜಾನ್ ಲಿಲ್ಲಿ ಹೇಳ್ತವು, ಇದು ತಪ್ಪು, ಜನರ ನಂಬಿಕೆ ಹಾಳಾವ್ತು, ಅದರಿಂದ ಇಡೀ ಇಂಟರ್ನೆಟ್ಟಿನ ಸುರಕ್ಷತೆಗೇ ಪೆಟ್ಟು ಹೇಳಿ ಬರದವು. ಅವಕ್ಕೆ ಸಫಾರಿ ಎದುರಾಳಿ ಅಪ್ಪು, ಆದರೆ ಮಾತು ಸುಳ್ಳಲ್ಲ. ಮುಂದಾಣ ತಿಂಗಳು ಆಪಲ್ "ಅಪ್‌ಡೇಟ್" ಬೇರೆ, "ಹೊಸ ಸಾಫ್ಟ್‌ವೇರ್" ಬೇರೆ ಹೇಳಿ ಪಟ್ಟಿಯ ಎರಡು ಪಾಲು ಮಾಡಿತ್ತು.

ಕತೆ ಅಲ್ಲಿಗೆ ಮುಗುದ್ದಿಲ್ಲೆ. 2012ರ ಮತ್ತೆ ವಿಂಡೋಸಿಂಗೆ ಸಫಾರಿಯ ಹೊಸ ಆವೃತ್ತಿ ಬಪ್ಪದೇ ನಿಂದತ್ತು. ಅಂಬಗ ಕೇಳದ್ದೆ ಬಂದು ಕೂದ ಸಫಾರಿಯ ತೆಗೆಯದ್ದವರ ಮನೆಲಿ, ಒಟ್ಟೆ ಮುಚ್ಚುವವೇ ಇಲ್ಲದ್ದ ಕಿಟಿಕಿ ಒಂದು ಒಳುದತ್ತು. ರಿಪೇರಿಯ ಬಾಗಿಲಿಂದ ಒಳ ಬಂದದಕ್ಕೇ ಅಖೇರಿಗೆ ರಿಪೇರಿ ಇಲ್ಲೆ!

ಆಪಲ್ ಒಂದೇ ಅಲ್ಲ. ಅಡೋಬಿಯ ಫ್ಲಾಶ್ ಪ್ಲೇಯರ್ ಇಳುಸುವಗ ಕ್ರೋಮಿಂಗೊ ಮೆಕಾಫಿಗೊ ಟಿಕ್ ಹಾಕಿ ಮಡುಗಿಗೊಂಡಿತ್ತಿದ್ದವು. ಜಾವಾದ ಅಪ್‌ಡೇಟಿನೊಟ್ಟಿಂಗೆ ಆಸ್ಕ್ ಟೂಲ್‌ಬಾರ್ ಬತ್ತಿತ್ತು. ಇನ್ನೊಬ್ಬರ ಸಾಫ್ಟ್‌ವೇರಿನ ಹೀಂಗೆ ಬೆನ್ನಿಲಿ ಹೊತ್ತು ತಂದರೆ ತಂದವಕ್ಕೆ ಪೈಸೆ ಸಿಕ್ಕುತ್ತು. ಧರ್ಮಕ್ಕೆ ಹೇಳ್ತದರ ಹಿಂದೆ ವ್ಯಾಪಾರ ಇದ್ದೇ ಇದ್ದು.

ಎಂಗಳ ಮನೆಯ ಕಂಪ್ಯೂಟರಿಂಗೂ ಒಂದು ಅಪ್‌ಡೇಟಿನೊಟ್ಟಿಂಗೆ ಹೊಸ ಬ್ರೌಸರ್ ಬಂದು ಕೂದತ್ತು. ಅತ್ತೆಗೆ ನಿತ್ಯ ಪೇಪರು ಓದುವ ಪುಟವೇ ಸಿಕ್ಕದ್ದಾಂಗೆ ಆತು. "ಇನ್ನು ಅಪ್‌ಡೇಟ್ ಹೇಳಿ ಬಂದರೆ ಒತ್ತುಲೇ ಆಗ" ಹೇಳಿ ಅವು ತೀರ್ಮಾನ ಮಾಡಿದವು. ದೊಡ್ಡ ನಷ್ಟ ಇಪ್ಪದು ಇದರಲ್ಲೇ. ಬೇಡದ್ದ ಬ್ರೌಸರಿನ ತೆಗವಲೆ ಐದು ನಿಮಿಷ ಸಾಕು. ಆದರೆ ಹೆದರಿ ಅಪ್‌ಡೇಟೇ ಮಾಡದ್ದೆ ಕೂದರೆ ಒಟ್ಟೆ ಹಾಂಗೇ ಒಳಿತ್ತು, ಬೇಂಕಿನ ಪಾಸ್‌ವರ್ಡು ಹೋಪದು ನಮ್ಮದು. ಕಂಪೆನಿದಲ್ಲ.

"ಟಿಕ್ ತೆಗದರೆ ಆತನ್ನೆ, ಓದಿ ನೋಡೆಕ್ಕಾದ್ದು ನಿಂಗಳ ಕೆಲಸ" ಹೇಳಿ ಕೆಲವು ಜನ ಹೇಳ್ತವು. ಓದೆಕ್ಕು, ಅಪ್ಪು. ಆದರೆ ಜನ ಓದುತ್ತವಿಲ್ಲೆ ಹೇಳಿ ಗೊಂತಿದ್ದೇ ಅಲ್ಲದೊ ಅವು ಟಿಕ್ ಮದಲೇ ಹಾಕುದು? ಸಾಮಾನು ಒಳ್ಳೆದಾದರೆ ಚೌಕ ಖಾಲಿ ಮಡುಗಿ ಕೇಳಲಿ. ಬೇಕಾದವು ಟಿಕ್ ಹಾಕುಗು. ಬೇಡ ಹೇಳದ್ದದು ಬೇಕು ಹೇಳಿದಾಂಗೆ ಅಲ್ಲ. ಹೆಮ್ಮಕ್ಕೊಗೆ ಈ ಮಾತು ಬೇಗ ಅರ್ಥ ಆವ್ತು.

ನಮ್ಮ ದೇಶಲ್ಲಿ 2023ರ ನವೆಂಬರ್ 30ಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥಾ ಮೋಸಂಗಳ ಬಗ್ಗೆ ನಿಯಮ ತಂದಿದು. ಡಾರ್ಕ್ ಪ್ಯಾಟರ್ನ್ ಹೇಳಿ ಹೆಸರು, ಒಟ್ಟು 13 ನಮುನೆ. ಆನ್‌ಲೈನಿಲಿ ತೆಕ್ಕೊಂಬಗ ಕೇಳದ್ದ ಸಾಮಾನಿನ ಮೆಲ್ಲಂಗೆ ಬಿಲ್ಲಿಂಗೆ ಸೇರ್ಸುದು ಅದರಲ್ಲಿ ಒಂದು. ಪೈಸೆಯ ಬಿಲ್ಲಿಂಗೆ ಇಪ್ಪ ನ್ಯಾಯ ಧರ್ಮದ ಬ್ರೌಸರಿಂಗೂ ಬೇಕು. ರಿಪೇರಿಯ ಪಟ್ಟಿಲಿ ರಿಪೇರಿ ಮಾಂತ್ರ ಇರೆಕ್ಕು.

ಅಲ್ಲಿವರೆಗೆ ನಾವು ಮಾಡ್ಲಕ್ಕಾದ್ದು ಇಷ್ಟು. ಅಪ್‌ಡೇಟ್ ಬಿಡೆಡಿ. ಒತ್ತುವ ಮದಲು ಟಿಕ್ ಎಲ್ಲೆಲ್ಲಿ ಇದ್ದು ನೋಡಿ, ಗುರ್ತ ಇಲ್ಲದ್ದ ಹೆಸರಿನ ಟಿಕ್ ತೆಗೆಯಿರಿ. ಬಂದು ಕೂದರೆ ಸೆಟ್ಟಿಂಗಿಂಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಪೈಸೆ ಹೋಪ ಮೋಸ ಆದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಮನೆಲಿ ಅತ್ತೆಯೊ ಅಬ್ಬೆಯೊ ಕಂಪ್ಯೂಟರಿನ ಎದುರು ಕೂಪವು ಇದ್ದರೆ ಅವಕ್ಕೂ ಒಂದರಿ ತೋರ್ಸಿಕೊಡಿ.