ಎಲ್ಲ ಉರಿಮೂತ್ರವೂ ‘ಉಷ್ಣ’ವಲ್ಲ

ಮೂತ್ರ ಉರಿದೊಡನೆ ‘ಉಷ್ಣವಾಗಿದೆ’ ಎನ್ನುವುದು ನಮ್ಮ ನಾಡಿನ ರೂಢಿ. ಮಾಕಳಿಯಿಂದ ಪೀಣ್ಯದ ಕಾರ್ಖಾನೆಗಳಿಗೆ ಪಾಳಿಯ ಮೇಲೆ ಹೋಗಿಬರುವ ತರುಣರು ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಕುಡಿದು ಸುಮ್ಮನಾಗುವುದುಂಟು. ಯಂತ್ರದ ಕಾವಿನಲ್ಲಿ ನಿಂತು ನೀರು ಕಡಿಮೆ ಕುಡಿಯುವವರಿಗೆ ಮೂತ್ರ ಉರಿಯುವುದು ಸಹಜ. ಆಯುರ್ವೇದವೂ ಮೂತ್ರಾಘಾತಗಳಲ್ಲಿ ‘ಉಷ್ಣವಾತ’ವನ್ನು ಹೇಳಿದೆ. ಆದರೆ ಉರಿಯ ಜೊತೆಗೆ ಕೀವು ಅಥವಾ ಲೋಳೆ ಒಸರಿದರೆ ಅದನ್ನು ಉಷ್ಣವೆಂದು ಕರೆದು ಕಾಲ ಕಳೆಯುವುದು ಅಪಾಯಕರವೆಂಬುದು ನಮ್ಮ ದೃಢ ಅಭಿಪ್ರಾಯ.

ಇಂತಹ ಮೂತ್ರನಾಳದ ಉರಿಯೂತಕ್ಕೆ ಲೈಂಗಿಕ ಸಂಪರ್ಕದಿಂದ ಹರಡುವ ಬ್ಯಾಕ್ಟೀರಿಯಗಳು ಮುಖ್ಯ ಕಾರಣ. ಮೊದಲನೆಯದು, 1879ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್ ಗುರುತಿಸಿದ ಗೊನೊಕಾಕಸ್. ಇದರಿಂದ ಬರುವುದೇ ಗೊನೊರಿಯ, ಅಂದರೆ ಪೂಯಮೇಹ. ಸೋಂಕು ತಗುಲಿದ ಒಂದು ವಾರದೊಳಗೆ ಸಾಮಾನ್ಯವಾಗಿ ಹಳದಿ ಕೀವು ಕಾಣುತ್ತದೆ. ಎರಡನೆಯದು ಕ್ಲಮೀಡಿಯ, ಲಕ್ಷಣಗಳು ಒಂದರಿಂದ ಮೂರು ವಾರಗಳಲ್ಲಿ ತೋರುತ್ತವೆ, ಸ್ರಾವ ತೆಳುವಾಗಿರುತ್ತದೆ. ಮೈಕೊಪ್ಲಾಸ್ಮ ಜೆನಿಟಾಲಿಯಂ ಎಂಬುದು ಮೂರನೆಯದು. ಇವುಗಳಲ್ಲಿ ಎರಡು ಒಬ್ಬರಲ್ಲಿಯೇ ಸೇರಿರುವುದೂ ಉಂಟು.

ಪುರುಷನಲ್ಲಿ ಉರಿ ತಾನಾಗಿ ಇಳಿದರೂ ಸೋಂಕು ಉಳಿದಿರಬಹುದು. ಅವನಿಂದ ಪತ್ನಿಗೆ ದಾಟಿದ ಕ್ಲಮೀಡಿಯ ಬಹುಪಾಲು ಸ್ತ್ರೀಯರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ. ಚಿಕಿತ್ಸೆಯಿಲ್ಲದೆ ಅದು ಗರ್ಭನಾಳಗಳಿಗೆ ಏರಿದರೆ ಸಂತಾನಹೀನತೆಗೆ ಕಾರಣವಾಗಬಲ್ಲುದು. ಆಗ ಮಕ್ಕಳಾಗಲಿಲ್ಲವೆಂಬ ಅಪವಾದವನ್ನು ಹೊರುವವಳು ಆ ಹೆಣ್ಣುಮಗಳೇ. ಒಬ್ಬರ ನಾಚಿಕೆಗೆ ಇನ್ನೊಬ್ಬರು ಬೆಲೆ ತೆರುವುದು ಧರ್ಮವಲ್ಲ.

ಗೋಕ್ಷುರ, ಚಂದನಗಳು ಉರಿಯನ್ನು ತಣಿಸಬಲ್ಲವು. ಈ ಸೋಂಕನ್ನು ನೀಗಲು ಆ್ಯಂಟಿಬಯಾಟಿಕ್ ಔಷಧಿಯೇ ಬೇಕು. ಆಯುರ್ವೇದ ವೈದ್ಯರಾದ ನಾವು ಇದನ್ನು ಹೇಳಲು ಹಿಂಜರಿಯುವುದಿಲ್ಲ. ರೋಗದ ಕಾರಣವನ್ನು ತೊಡೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ನಮ್ಮ ಶಾಸ್ತ್ರವೂ ಸಾರಿದೆ. ಪರದೇಶದಿಂದ ಬಂದ ಫಿರಂಗ ರೋಗಕ್ಕೆ 16ನೆಯ ಶತಮಾನದ ಭಾವಮಿಶ್ರರು ತಮ್ಮ ‘ಭಾವಪ್ರಕಾಶ’ದಲ್ಲಿ ಸ್ಥಾನ ಕೊಟ್ಟರು, ಹೊಸತನ್ನು ಅರಿತು ಒಪ್ಪುವುದು ನಮ್ಮ ಪರಂಪರೆಗೆ ಹೊರತಲ್ಲ. ಆದರೆ ಔಷಧಿ ಅಂಗಡಿಯಲ್ಲಿ ಕೇಳಿ ತಂದ ನಾಲ್ಕು ಮಾತ್ರೆಗಳಿಂದ ಕಾರ್ಯವಾಗದು. ಪೆನಿಸಿಲಿನ್, ಸಿಪ್ರೊಫ್ಲಾಕ್ಸಸಿನ್‌ಗಳಿಗೆ ಗೊನೊಕಾಕಸ್ ಬಹುಮಟ್ಟಿಗೆ ಮಣಿಯದಂತಾಗಿದೆ.

ಆದುದರಿಂದ ಮೂತ್ರ ಮತ್ತು ಸ್ರಾವದ ಪರೀಕ್ಷೆ ಮೊದಲಾಗಬೇಕು. ಉರಿಗೆ ಕಲ್ಲು ಅಥವಾ ಸಾಮಾನ್ಯ ಮೂತ್ರದ ಸೋಂಕೂ ಕಾರಣವಿರಬಹುದು. ಪರೀಕ್ಷೆಯಿಲ್ಲದೆ ಯಾರನ್ನೂ ಶಂಕಿಸಲಾಗದು. ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಚಿಕಿತ್ಸೆ ಉಚಿತ, ಗೋಪ್ಯ. ಮಾಹಿತಿಗೆ 1097 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಸಂಗಾತಿಗೂ ಚಿಕಿತ್ಸೆಯಾಗಬೇಕು, ಇಬ್ಬರ ಚಿಕಿತ್ಸೆ ಮುಗಿದು 7 ದಿನ ಕಳೆಯುವವರೆಗೆ ಸಂಪರ್ಕ ಕೂಡದು. ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಲೇಸು.

ಶರಣರು ಕಾಯವನ್ನು ಹೀನವೆಂದು ಬಗೆಯಲಿಲ್ಲ. ಕಾಯಕಕ್ಕೆ ಆಧಾರವಾದ ಈ ದೇಹದ ಬೇನೆಯನ್ನು ವೈದ್ಯರೆದುರು ನಿಸ್ಸಂಕೋಚವಾಗಿ ಹೇಳಿಕೊಳ್ಳಬೇಕು. ಹೇಳಿಕೊಂಡವರನ್ನು ಹಳಿಯದೆ ಆಸ್ಪತ್ರೆಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.