ಆಯುಕ್ತರೇ, ಇನ್ನೆರಡು ನಕ್ಷೆ ತೋರಿಸಿ

ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ಆಯುಕ್ತರಿಗೆ,

ದೊಡ್ಡಬಳ್ಳಾಪುರ ತಾಲ್ಲೂಕಿನ ರಾಜಘಟ್ಟದಿಂದ ಬರೆಯುತ್ತಿದ್ದೇನೆ. ಮೈಸೂರು ವಿಶ್ವವಿದ್ಯಾನಿಲಯದವರು 2001ರಲ್ಲಿ ಬೌದ್ಧ ಚೈತ್ಯವನ್ನು ಅಗೆದು ತೆಗೆದ ಊರು ಇದೇ. ನಕ್ಷೆಗೆ ಬಣ್ಣ ಬಳಿಯುವವರಿಗೆ ಇಂಥದ್ದೆಲ್ಲ ಕಾಣುತ್ತದೋ ಇಲ್ಲವೋ, ನನಗಂತೂ ಅನುಮಾನ.

ಈಗ ಒಂದು ಕಡೆ ಸ್ಯಾಟಲೈಟ್ ರಿಂಗ್ ರಸ್ತೆ, ಇನ್ನೊಂದು ಕಡೆ ದಾಬಸ್‌ಪೇಟೆವರೆಗಿನ ಜಾಗದಲ್ಲಿ 5,800 ಎಕರೆಯ ಹೊಸ ನಗರ, ಸರ್ಕಾರದ ಕ್ವಿನ್ ಸಿಟಿ. ಊರು ಬೆಳೆಯುವುದು ಖಚಿತ. ಯಾವ ಕಡೆ, ಯಾವ ನೀರನ್ನು ನಂಬಿ ಬೆಳೆಯಬೇಕು ಅಂತ ನಮ್ಮನ್ನು ಕೇಳುವ ಕ್ರಮವೇ ಸರಿಯಿಲ್ಲ. 1961ರ ನಗರ ಯೋಜನಾ ಕಾಯ್ದೆಯಂತೆ ಒಂದು ಕರಡು ನಕ್ಷೆ ಹೊರಡಿಸುತ್ತೀರಿ, ಆಕ್ಷೇಪಣೆಗೆ 60 ದಿನ ಕೊಡುತ್ತೀರಿ. ರೈತ ಅದರಲ್ಲಿ ತನ್ನ ಸರ್ವೆ ನಂಬರ್ ಹುಡುಕುತ್ತಾನೆ. ಕೃಷಿಯ ಹಸಿರಾಗಿದ್ದರೆ ವಸತಿಯ ಹಳದಿ ಮಾಡಿ ಎಂದೋ, ರಸ್ತೆ ಹಾದಿದ್ದರೆ ಪಕ್ಕಕ್ಕೆ ಸರಿಸಿ ಎಂದೋ ಅರ್ಜಿ ಕೊಡುತ್ತಾನೆ. ಇಡೀ ತಾಲ್ಲೂಕಿನ ಪ್ರಶ್ನೆ ಅವನ ತನಕ ಬರುವುದೇ ಇಲ್ಲ.

ನಗರ ಯೋಜನೆಯ ಸಾಫ್ಟ್‌ವೇರ್‌ಗಳು ಇರುವುದೇ ಒಂದು ನಕ್ಷೆಯನ್ನು ಇನ್ನೊಂದರ ಪಕ್ಕ ಇಟ್ಟು ತೂಗಲು. ಹೆದ್ದಾರಿಯುದ್ದಕ್ಕೂ ಲೇಔಟ್ ಹಬ್ಬಿದರೆ ಏನಾಗುತ್ತದೆ? ರೈಲ್ವೆ ನಿಲ್ದಾಣದ ಸುತ್ತ ಪಟ್ಟಣವೇ ಒತ್ತಾಗಿ ಬೆಳೆದರೆ? ಎಲ್ಲ ಹೊರೆ ಕ್ವಿನ್ ಸಿಟಿಗೆ ಬಿಟ್ಟು ರಾಗಿ, ದ್ರಾಕ್ಷಿ ಹೊಲಗಳನ್ನು ಉಳಿಸಿದರೆ? ಮೂರಕ್ಕೂ ಅದೇ ಜನಸಂಖ್ಯೆ, ಅದೇ ಮಳೆ, ಅದೇ ಪ್ರಶ್ನೆಗಳು. ಅಮೆರಿಕದ ಯೂಟಾದಲ್ಲಿ 1999ರಲ್ಲಿ ಇಂಥ ನಾಲ್ಕು ಚಿತ್ರಗಳನ್ನು ದಿನಪತ್ರಿಕೆಯೊಳಗಿಟ್ಟು ಮನೆಮನೆಗೆ ಹಂಚಿ, ಜನರ ಆಯ್ಕೆ ಕೇಳಿದ್ದರು.

ಆದರೆ ಈ ಸಾಫ್ಟ್‌ವೇರ್‌ಗೆ ನೀವು ಉಣಿಸುವ ಅಂಕಿಯೇ ಎಲ್ಲ. ಹೊಸದಾಗಿ ಒಂದು ಲಕ್ಷ ಜನ ಬಂದರೆ, ತಲೆಗೆ 135 ಲೀಟರ್‌ನಂತೆ ದಿನಕ್ಕೆ 1.35 ಕೋಟಿ ಲೀಟರ್ ನೀರು ಬೇಕು. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ. ಹೋಗುವುದೆಲ್ಲಿಗೆ? ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳ ಗತಿ ನೋಡಿದವರು ಉತ್ತರ ಹೇಳುತ್ತಾರೆ. ಇನ್ನು ನೀರು ಬರುವುದೆಲ್ಲಿಂದ? ಕೊಳವೆಬಾವಿಗಳು ಎಂದೋ ಕೈಬಿಟ್ಟಿವೆ. ಎತ್ತಿನಹೊಳೆಯಿಂದ 24.01 ಟಿಎಂಸಿ ಎನ್ನುತ್ತದೆ ಸರ್ಕಾರ. ಆ ಜಲಾನಯನದಲ್ಲಿ ಸಿಗುವುದೇ 9.55 ಟಿಎಂಸಿ ಎಂದಿತು ಭಾರತೀಯ ವಿಜ್ಞಾನ ಸಂಸ್ಥೆಯ ತಂಡ. ಎರಡರಲ್ಲಿ ಯಾವುದನ್ನು ಹಾಕಿ ಲೆಕ್ಕ ಓಡಿಸುತ್ತೀರಿ? ನಾನಾದರೆ ಎರಡನ್ನೂ ಹಾಕುತ್ತೇನೆ, ಹೊಳೆ ನೀರು ಬಾರದೇ ಹೋದ ವರ್ಷದ್ದನ್ನೂ ಓಡಿಸುತ್ತೇನೆ. ಮೂರೂ ಲೆಕ್ಕದಲ್ಲಿ ನಿಲ್ಲುವ ನಕ್ಷೆಗೆ ನನ್ನ ಸಹಿ ಇದೆ, ನನ್ನ ಹೊಲ ಹಸಿರಲ್ಲೇ ಉಳಿದರೂ.

ಇದಕ್ಕೆಲ್ಲ ಸಮಯವೆಲ್ಲಿ ಎನ್ನಬೇಡಿ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಭೂಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈನಲ್ಲಿ ಸರ್ಕಾರವೇ ಸ್ವಾಧೀನ ಕೈಬಿಟ್ಟಿತು. ಆ ಮೂರು ವರ್ಷ ಯಾರ ಲೆಕ್ಕಕ್ಕೆ?

ಕರಡು ಮುದ್ರಣಕ್ಕೆ ಹೋಗುವ ಮುಂಚೆ ಮೂರು ನಕ್ಷೆಗಳನ್ನೂ, ಅವುಗಳ ಹಿಂದಿನ ಅಂಕಿಗಳನ್ನೂ ಕನ್ನಡದಲ್ಲಿ ಗ್ರಾಮಸಭೆಗೆ ಕಳಿಸಿ. ಲೆಕ್ಕ ಮಾಡಿದ ಎಂಜಿನಿಯರನ್ನೂ ಜೊತೆಗೆ ಕಳಿಸಿ; ಯಾವ ಸರ್ವೆ ನಂಬರಿನಲ್ಲಿ ರಾಜಕಾಲುವೆ ಹರಿಯುತ್ತದೆ ಎಂಬುದನ್ನು ಅವರು ನಮ್ಮಲ್ಲಿ ಕೇಳಿ ತಿದ್ದಿಕೊಳ್ಳಲಿ.

ಇಂತಿ,
ರಾಜಘಟ್ಟದ ಒಬ್ಬ ರೈತ